ಮನೆಸಾಲ ತೀರಿದ ಮೇಲೆ

ಸಾಲದ ಶೇಷ, ಬೆಂಕಿಯ ಶೇಷ, ರೋಗದ ಶೇಷ — ಈ ಮೂರನ್ನು ಉಳಿಸಿಕೊಳ್ಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ರೋಗ ಗುಣವಾಯಿತೆಂದು ಔಷಧವನ್ನು ಅರ್ಧಕ್ಕೇ ನಿಲ್ಲಿಸಿದವನು ಮತ್ತೆ ಹಾಸಿಗೆ ಹಿಡಿಯುವಂತೆ, ದೊಡ್ಡ ಸಾಲ ತೀರಿತೆಂಬ ಸಂತೋಷದಲ್ಲಿ ಸಣ್ಣ ಸಾಲಗಳನ್ನು ಮರೆತವನು ಕೆಲವೇ ವರ್ಷಗಳಲ್ಲಿ ಮತ್ತೆ ಸಾಲಗಾರನಾಗುತ್ತಾನೆ. ಪರಸ್ಥಳದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಜೀವನದಲ್ಲಿ ಮನೆಸಾಲವೇ ಎಲ್ಲಕ್ಕಿಂತ ದೊಡ್ಡ ಸಾಲ. ಹದಿನೈದು-ಇಪ್ಪತ್ತು ವರ್ಷ ಸಂಬಳದ ಸಿಂಹಪಾಲನ್ನು ನುಂಗಿದ ಆ ಕಂತು ಒಂದು ತಿಂಗಳು ಥಟ್ಟನೆ ನಿಂತುಹೋದಾಗ, ಆ ಹಣವನ್ನು ಏನು ಮಾಡಬೇಕೆಂಬ ಯೋಚನೆಯನ್ನು ಮೊದಲೇ ಮಾಡಿಟ್ಟುಕೊಂಡವರು ವಿರಳ.

ಡೊಂಬಿವಲಿಯ ಒಂದು ಮಧ್ಯಮ ವರ್ಗದ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರಿಗೆ ಐವತ್ತೈದು ವರ್ಷ; ನಿವೃತ್ತಿಗೆ ಇನ್ನು ಐದು ವರ್ಷ. ೨೦೦೫ರಲ್ಲಿ ಪಡೆದ ಮನೆಸಾಲ ೨೦೨೫ರಲ್ಲಿ ತೀರಿತು. ತಿಂಗಳ ಕಂತು ೨೪,೦೦೦ ರೂಪಾಯಿ. ಕೊನೆಯ ಕಂತು ಸಂದ ದಿನ ಮನೆಯಲ್ಲಿ ಪಾಯಸವಾಯಿತು. ಊಟ ಮುಗಿಸಿ ಎದ್ದ ಯಜಮಾನರು “ಇನ್ನು ನಾವು ಋಣಮುಕ್ತರು” ಎಂದಾಗ, ಗೃಹಿಣಿ ಕೈಯಲ್ಲಿದ್ದ ಗಾಜಿನ ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತ, “ಬ್ಯಾಂಕಿನ ಋಣ ತೀರಿತು ರೀ, ಉಳಿದದ್ದು ಹಾಗೇ ಇದೆಯಲ್ಲ” ಎಂದರು. ಆ ಒಂದು ಮಾತಿನಲ್ಲಿ ಈ ಲೇಖನದ ವಿಷಯವೆಲ್ಲ ಅಡಗಿದೆ.

೧. ಮೊದಲು ಕಾಗದಪತ್ರ

ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಸಾಲದ ಖಾತೆ ಮುಚ್ಚಿತೆಂದು ಭಾವಿಸಕೂಡದು. ಬಡ್ಡಿಯ ದರ ನಡುವೆ ಏರಿಳಿದಿರುವುದರಿಂದ ಅನೇಕ ವೇಳೆ ಕೆಲವು ನೂರು ರೂಪಾಯಿ ಬಾಕಿ ಉಳಿದು, ಖಾತೆ ಹಾಗೆಯೇ ತೆರೆದಿರುತ್ತದೆ. ಆದುದರಿಂದ ಬಾಕಿ ಏನೂ ಇಲ್ಲವೆಂಬ ಪತ್ರವನ್ನು ಮತ್ತು ಖಾತೆಯ ಸಂಪೂರ್ಣ ಲೆಕ್ಕಪಟ್ಟಿಯನ್ನು ಲಿಖಿತವಾಗಿ ಪಡೆಯುವುದು ಮೊದಲ ಕೆಲಸ. ಖಾತೆಯಿಂದ ಕಂತನ್ನು ತಾನಾಗಿ ಕಡಿದುಕೊಳ್ಳುವಂತೆ ಕೊಟ್ಟ ಆದೇಶವನ್ನು ರದ್ದುಪಡಿಸಬೇಕು. ಸಾಲದ ಭದ್ರತೆಗೆಂದು ಕೊಟ್ಟ ಚೆಕ್ಕುಗಳನ್ನು ಹಿಂದಕ್ಕೆ ಪಡೆಯಬೇಕು.

ನಮ್ಮ ನಗರಗಳಲ್ಲಿ ಹೆಚ್ಚಿನ ಮನೆಸಾಲಗಳು ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಒಪ್ಪಿಸಿ ಮಾಡಿದ ಅಡಮಾನಗಳು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ ಇದಕ್ಕೆ ಅವಕಾಶವಿದೆ. ಹೀಗಾಗಿ ಪತ್ರಗಳು ಮನೆಗೆ ಮರಳುವ ತನಕ ಸಾಲದ ಅಧ್ಯಾಯ ಮುಗಿಯದು. ಸಾಲ ಪೂರ್ತಿ ತೀರಿದ ೩೦ ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸತಕ್ಕದ್ದೆಂದೂ, ತನ್ನ ಕಾರಣದಿಂದ ತಡವಾದರೆ ಸಾಲ ಕೊಟ್ಟ ಸಂಸ್ಥೆಯು ದಿನವೊಂದಕ್ಕೆ ೫,೦೦೦ ರೂಪಾಯಿಯಂತೆ ಪರಿಹಾರ ಕೊಡತಕ್ಕದ್ದೆಂದೂ ಭಾರತೀಯ ರಿಸರ್ವ್ ಬ್ಯಾಂಕು ೨೦೨೩ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ೨೦೨೩ರ ಡಿಸೆಂಬರ್ ೧ರಿಂದ ಅದು ಜಾರಿಯಲ್ಲಿದೆ. ಪತ್ರಗಳು ಕಳೆದುಹೋಗಿದ್ದರೆ ನಕಲು ಪಡೆಯಲು ನೆರವಾಗುವ ಹೊಣೆ ಮತ್ತು ಅದರ ವೆಚ್ಚ ಸಾಲ ಕೊಟ್ಟ ಸಂಸ್ಥೆಯದೇ.

ಪತ್ರಗಳನ್ನು ಪಡೆಯುವಾಗ, ಒಪ್ಪಿಸಿದಾಗ ಕೊಟ್ಟ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೂ ತಾಳೆ ನೋಡಬೇಕು: ನೋಂದಣಿಯಾದ ಕರಾರುಪತ್ರ, ಹಿಂದಿನ ಮಾಲೀಕರ ಪತ್ರಗಳು, ನೋಂದಣಿಯ ರಸೀದಿ, ಹೌಸಿಂಗ್ ಸೊಸೈಟಿಯ ಷೇರು ಸರ್ಟಿಫಿಕೇಟು, ಬ್ಯಾಂಕಿಗೆ ವರ್ಗಾಯಿಸಿದ್ದ ಜೀವವಿಮಾ ಪಾಲಿಸಿ. ಪಾಲಿಸಿಯನ್ನು ಮರಳಿ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಅನೇಕರು ಮರೆಯುತ್ತಾರೆ. ಸೊಸೈಟಿಯ ದಫ್ತರದಲ್ಲಿ ಬ್ಯಾಂಕಿನ ಹಕ್ಕನ್ನು ನಮೂದಿಸಿದ್ದರೆ ಪತ್ರ ಬರೆದು ಅದನ್ನು ತೆಗೆಸಬೇಕು. ಅಡಮಾನದ ವಿಷಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಾಗಿದ್ದರೆ ಅದರ ಬಿಡುಗಡೆಯೂ ಅಲ್ಲಿ ದಾಖಲಾಗಬೇಕು. ೨೦೧೧ರಲ್ಲಿ ಕೆಲಸ ಆರಂಭಿಸಿದ ‘ಸೆರ್ಸಾಯ್’ ಎಂಬ ಕೇಂದ್ರೀಯ ದಾಖಲೆಯಲ್ಲಿಯೂ ಬ್ಯಾಂಕು ಈ ಋಣಭಾರವನ್ನು ತೆಗೆಸಬೇಕು. ಕೊನೆಯದಾಗಿ, ‘ಸಿಬಿಲ್’ ಮೊದಲಾದ ಸಾಲಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡುವ ವರದಿಯನ್ನು ತರಿಸಿ, ಸಾಲ ಮುಗಿದಿರುವುದು ಅದರಲ್ಲಿ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು.

೨. ಉಳಿದ ಋಣಗಳ ಪಟ್ಟಿ

ಮೇಲಿನ ಕುಟುಂಬದ ದಂಪತಿಗಳು ಒಂದು ಭಾನುವಾರ ಹಳೆಯ ನೋಟುಪುಸ್ತಕವೊಂದನ್ನು ತೆರೆದು ಕುಳಿತರೆನ್ನೋಣ. ಪಟ್ಟಿ ಹೀಗಾಯಿತು:

ಕ್ರೆಡಿಟ್ ಕಾರ್ಡಿನ ಬಾಕಿ — ೬೦,೦೦೦ ರೂ., ಬಡ್ಡಿ ತಿಂಗಳಿಗೆ ಶೇ. ೩.೫
ಗೃಹಿಣಿಯ ಬಳೆಗಳನ್ನು ಒತ್ತೆಯಿಟ್ಟ ಸಾಲ — ೧,೫೦,೦೦೦ ರೂ., ಬಡ್ಡಿ ವರ್ಷಕ್ಕೆ ಶೇ. ೧೨
ಹುಬ್ಬಳ್ಳಿಯ ಭಾವನವರಿಂದ ಪಡೆದ ಕೈಸಾಲ — ೧,೦೦,೦೦೦ ರೂ., ಬಡ್ಡಿಯಿಲ್ಲ
ಊರಿನ ತಮ್ಮನ ಸಾಲಕ್ಕೆ ಹಾಕಿದ ಜಾಮೀನು

ಇದೇ ಮನೆಯಲ್ಲಿ ೨,೦೦,೦೦೦ ರೂಪಾಯಿಯ ಮುದ್ದತು ಠೇವಣಿಯೂ ಶೇ. ೭ರ ಬಡ್ಡಿಯಲ್ಲಿ ಇತ್ತು. “ಠೇವಣಿ ಮುರಿಯಬಾರದು” ಎಂಬುದು ಯಜಮಾನರ ನಿಯಮ. ನಿಯಮ ಒಳ್ಳೆಯದೇ, ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ೬೦,೦೦೦ ರೂಪಾಯಿ ಠೇವಣಿಯಿಂದ ವರ್ಷಕ್ಕೆ ಬರುವುದು ೪,೨೦೦ ರೂಪಾಯಿ. ಅಷ್ಟೇ ಮೊತ್ತದ ಕಾರ್ಡಿನ ಬಾಕಿಗೆ ವರ್ಷಕ್ಕೆ ತೆರುವುದು ಚಕ್ರಬಡ್ಡಿಯನ್ನು ಬಿಟ್ಟರೂ ೨೫,೨೦೦ ರೂಪಾಯಿ. ಠೇವಣಿಯನ್ನು ಮುರಿಯದೆ ಉಳಿಸಿದ ತೃಪ್ತಿಗಾಗಿ ಈ ಮನೆ ವರ್ಷಕ್ಕೆ ೨೧,೦೦೦ ರೂಪಾಯಿ ಕಳೆದುಕೊಳ್ಳುತ್ತಿತ್ತು! ಅವಧಿಗೆ ಮುನ್ನ ಮುರಿದದ್ದಕ್ಕೆ ಬಡ್ಡಿಯಲ್ಲಿ ಸ್ವಲ್ಪ ಕಡಿತವಾದರೂ ಲಾಭವೇ ಹೆಚ್ಚು. ಕಾರ್ಡಿನ ಸಾಲವನ್ನು ಠೇವಣಿಯಿಂದ ಅಂದೇ ತೀರಿಸುವುದು ಸರಿಯಾದ ಮಾರ್ಗ.

ಇನ್ನು ತಿಂಗಳ ೨೪,೦೦೦ ರೂಪಾಯಿ. ಕಂತು ನಿಂತಿತು, ಆದರೆ ಕಂತು ಕಟ್ಟುವ ಅಭ್ಯಾಸ ನಿಲ್ಲಬಾರದು. ಸಂಬಳ ಬಂದ ದಿನವೇ ಅಷ್ಟು ಹಣ ಬೇರೆ ಖಾತೆಗೆ ಹೋಗುವ ವ್ಯವಸ್ಥೆ ಮಾಡದಿದ್ದರೆ, ಆರು ತಿಂಗಳಲ್ಲಿ ಅದು ಹೊಸ ಸೋಫಾದಲ್ಲಿಯೋ ಕಾರಿನ ಕಂತಿನಲ್ಲಿಯೋ ಕರಗಿಹೋಗುತ್ತದೆ. ಅದನ್ನು ಹಾಗೆಯೇ ಒತ್ತೆಯ ಸಾಲಕ್ಕೆ ಕಟ್ಟುತ್ತ ಬಂದರೆ ಬಡ್ಡಿಸಹಿತ ಏಳನೆಯ ತಿಂಗಳಲ್ಲಿ ಬಳೆಗಳು ಮನೆಗೆ ಬರುತ್ತವೆ. ಏಳನೆಯ ಕಂತು ಪೂರ್ತಿ ಬೇಕಾಗುವುದಿಲ್ಲ. ೧೨,೦೦೦ ರೂಪಾಯಿಗಿಂತ ತುಸು ಕಡಿಮೆ ಸಾಕು. ಉಳಿದದ್ದನ್ನು ಭಾವನವರ ಹಣಕ್ಕೆ ಸೇರಿಸುತ್ತ ಹೋದರೆ ಹನ್ನೊಂದನೆಯ ತಿಂಗಳಲ್ಲಿ ಆ ಲಕ್ಷವೂ ಸಂದಾಯವಾಗುತ್ತದೆ. ಠೇವಣಿಯಿಂದ ತೆಗೆದ ೬೦,೦೦೦ ರೂಪಾಯಿಯನ್ನು ಹದಿನಾಲ್ಕನೆಯ ತಿಂಗಳೊಳಗೆ ಮರಳಿ ತುಂಬಬಹುದು.

೩. ಕಾಗದವಿಲ್ಲದ ಸಾಲ

ಭಾವನವರ ಸಾಲಕ್ಕೆ ಬಡ್ಡಿಯೂ ಇಲ್ಲ, ಪತ್ರವೂ ಇಲ್ಲ. ಒಂಬತ್ತು ವರ್ಷಗಳ ಹಿಂದೆ ಯಜಮಾನರ ತಾಯಿಯವರ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ, ಕೇಳಿದ ಮರುದಿನವೇ ಅವರು ಕಳುಹಿಸಿದ ಹಣ ಅದು. ಮತ್ತೆ ಒಂದು ದಿನವೂ ಅವರು ಅದರ ಮಾತೆತ್ತಲಿಲ್ಲ. ಆದರೆ ಗೃಹಿಣಿ ಮಾತ್ರ ತವರಿನ ಶುಭಕಾರ್ಯಗಳಿಗೆ ಹೋಗಲು ಏನಾದರೊಂದು ನೆವ ಹೇಳಿ ಹಿಂದೆಗೆಯತೊಡಗಿದರು. ಅಣ್ಣ ಏನೂ ಅನ್ನುವುದಿಲ್ಲ. ಅನ್ನದೇ ಇರುವುದೇ ಅವರಿಗೆ ಭಾರವಾಗಿತ್ತು.

೧೯೬೩ರ ಕಾಲಪರಿಮಿತಿ ಕಾಯಿದೆಯಂತೆ ಇಂಥ ಹಣದ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯುಂಟು. ಅದರೊಳಗೆ ಸಾಲಗಾರನು ಸಾಲವನ್ನು ಲಿಖಿತವಾಗಿ ಒಪ್ಪಿಕೊಂಡರೆ ಅವಧಿ ಹೊಸದಾಗಿ ಆರಂಭವಾಗುತ್ತದೆ. ಹೀಗೆ ನೋಡಿದರೆ ಭಾವನವರ ಹಣಕ್ಕೆ ಕಾನೂನಿನ ಬಲ ಎಂದೋ ಹೋಗಿದೆ. ಆದರೆ ಕಾಯಿದೆಯ ಅವಧಿ ಮುಗಿದರೂ ಋಣದ ಅವಧಿ ಮುಗಿಯುವುದಿಲ್ಲ. ಆ ಒಂದು ಲಕ್ಷವನ್ನು ಅವರು ಶೇ. ೬ರ ಠೇವಣಿಯಲ್ಲಿ ಇಟ್ಟಿದ್ದರೂ ಒಂಬತ್ತು ವರ್ಷಗಳಲ್ಲಿ ಸುಮಾರು ೧,೬೯,೦೦೦ ರೂಪಾಯಿ ಆಗುತ್ತಿತ್ತು. ಅಂದರೆ ಬಡ್ಡಿಯಿಲ್ಲದ ಸಾಲವೆಂಬುದಿಲ್ಲ; ಬಡ್ಡಿಯನ್ನು ಕೊಟ್ಟವನೇ ತೆತ್ತಿರುತ್ತಾನೆ. ಬಡ್ಡಿಯೆಂದು ಕೊಟ್ಟರೆ ಭಾವನವರು ನೊಂದಾರು; ಅವರ ಮಗಳ ಮದುವೆಯಲ್ಲಿ ಉಡುಗೊರೆಯ ರೂಪದಲ್ಲಿ ಅದನ್ನು ಸಲ್ಲಿಸಲು ಯಾರ ಅಡ್ಡಿಯೂ ಇಲ್ಲ.

ಬಂಧುಗಳ ನಡುವಿನ ಸಾಲಕ್ಕೂ ಒಂದು ಸಾಲಿನ ಬರಹ ಇರುವುದು ಲೇಸು. ಅದು ಅಪನಂಬಿಕೆಯ ಗುರುತಲ್ಲ. ಇಬ್ಬರಲ್ಲಿ ಒಬ್ಬರು ಇಲ್ಲವಾದಾಗ ಮಕ್ಕಳಿಗೆ ಉಳಿಯುವ ಸಾಕ್ಷಿ. ೨೦,೦೦೦ ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ಸಾಮಾನ್ಯವಾಗಿ ನಿಷೇಧಿಸುವುದರಿಂದ ಬ್ಯಾಂಕಿನ ಮೂಲಕವೇ ವ್ಯವಹರಿಸಬೇಕು.

೪. ಜಾಮೀನು ಮತ್ತು ಮರು ಅಡಮಾನ

ಮನೆಸಾಲ ತೀರಿದ ಸುದ್ದಿ ಊರು ಮುಟ್ಟಲು ತಡವಾಗುವುದಿಲ್ಲ. ತಿಂಗಳೊಳಗೆ ತಮ್ಮನ ಫೋನು ಬಂದಿತು. “ಅಣ್ಣಾ, ಹೇಗೂ ಮನೆಪತ್ರ ಕೈಗೆ ಬಂತಲ್ಲ. ಅದನ್ನೇ ಇಟ್ಟು ಒಂದು ಹತ್ತು ಲಕ್ಷ ತೆಗೆದುಕೊಡು. ಅಂಗಡಿ ದೊಡ್ಡದು ಮಾಡುತ್ತೇನೆ, ಕಂತು ನಾನೇ ಕಟ್ಟುತ್ತೇನೆ.”

ಇದು ಅತ್ಯಂತ ಕಠಿಣವಾದ ಘಟ್ಟ. ತಮ್ಮನು ಊರಿನಲ್ಲಿದ್ದು ತಂದೆತಾಯಿಗಳನ್ನು ನೋಡಿಕೊಂಡವನು. ಅವನಿಗೆ ಇಲ್ಲವೆನ್ನಲು ನಾಲಗೆ ಏಳದು. ಆದರೆ ಯಜಮಾನರು ಈಗಾಗಲೇ ಅವನ ಒಂದು ಸಾಲಕ್ಕೆ ಜಾಮೀನುದಾರರು. ೧೮೭೨ರ ಕರಾರು ಕಾಯಿದೆಯ ೧೨೮ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲಗಾರನಿಂದ ವಸೂಲಿಯಾಗದಿದ್ದ ಮೇಲೆಯೇ ಜಾಮೀನುದಾರನ ಬಳಿಗೆ ಬರಬೇಕೆಂಬ ನಿಯಮವಿಲ್ಲ. ‘ಬರೀ ಸಹಿ’ ಎಂದು ಭಾವಿಸುವುದು ತಪ್ಪು. ಅದು ತನ್ನದೇ ಸಾಲವೆಂದು ಎಣಿಸಿಯೇ ಸಹಿ ಹಾಕಬೇಕು. ಇನ್ನು ಇದ್ದೊಂದು ಮನೆಯನ್ನು ಐವತ್ತೈದನೆಯ ವಯಸ್ಸಿನಲ್ಲಿ ವ್ಯಾಪಾರದ ಸಾಲಕ್ಕಾಗಿ ಮತ್ತೆ ಅಡವಿಟ್ಟರೆ, ವ್ಯಾಪಾರ ಸೋತ ದಿನ ಇಬ್ಬರು ಅಣ್ಣತಮ್ಮಂದಿರ ಮನೆಗಳೂ ಒಟ್ಟಿಗೆ ಸೋಲುತ್ತವೆ. ಮತ್ತೊಬ್ಬರಿಗೆ ಆಸರೆಯಾಗಲು ಯಾರೂ ಉಳಿಯುವುದಿಲ್ಲ.

ಗೃಹಿಣಿ ಹೇಳಿದ ಮಾತು ವಿವೇಕದ್ದು: “ಮೈದುನನಿಗೆ ಏನೂ ಕೊಡಬೇಡಿ ಅನ್ನುವುದಿಲ್ಲ. ಹಿಂದಕ್ಕೆ ಬಾರದಿದ್ದರೂ ನಮಗೆ ನೋವಾಗದಷ್ಟು ಕೊಡಿ. ಅದನ್ನು ಸಾಲ ಅನ್ನಬೇಡಿ, ಕೊಟ್ಟದ್ದು ಅನ್ನಿ.”

ಯಜಮಾನರು ಊರಿಗೆ ಹೋಗಿ ತಮ್ಮನೊಡನೆ ಅಂಗಡಿಯ ಲೆಕ್ಕ ನೋಡಿದರು. ಆ ವರ್ಷದ ಬೋನಸ್ಸಿನಿಂದ ೨೫,೦೦೦ ರೂಪಾಯಿ ಕೊಟ್ಟರು. ಅಂಗಡಿಯ ಆದಾಯ ಎಷ್ಟು ಸಾಲವನ್ನು ತಾಳಬಲ್ಲದೋ ಅಷ್ಟಕ್ಕೆ ಅಲ್ಲಿಯ ಬ್ಯಾಂಕಿನಲ್ಲಿ ಅರ್ಜಿ ಹಾಕಿಸಿದರು. ಮನೆಪತ್ರ ಕೊಡಲಿಲ್ಲ. ತಮ್ಮನಿಗೆ ಬೇಸರವಾಯಿತು, ಎರಡು ತಿಂಗಳು ಫೋನು ಬರಲಿಲ್ಲ. ಚೌತಿಯ ದಿನ ಬಂದಿತು. ಹಣದ ವಿಷಯದಲ್ಲಿ ಎರಡು ತಿಂಗಳ ಮುನಿಸು ಇಪ್ಪತ್ತು ವರ್ಷಗಳ ವೈಮನಸ್ಯಕ್ಕಿಂತ ಮೇಲು.

ತಂದೆಯ ಸಾಲಕ್ಕೆ ಮಗ ಹೊಣೆಯೇ ಎಂಬ ಪ್ರಶ್ನೆಯೂ ಅನೇಕ ಮನೆಗಳಲ್ಲಿ ಏಳುತ್ತದೆ. ಕೇವಲ ಧರ್ಮದ ಕರ್ತವ್ಯವೆಂಬ ಕಾರಣದಿಂದ ಹಿಂದೂ ಪುತ್ರನ ಮೇಲೆ ತಂದೆಯ ಸಾಲವನ್ನು ಹೊರಿಸುವ ಹಳೆಯ ನಿಯಮವನ್ನು ೨೦೦೫ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು, ಅದು ಜಾರಿಗೆ ಬಂದ ಅನಂತರ ಮಾಡಿದ ಸಾಲಗಳ ಮಟ್ಟಿಗೆ, ತೆಗೆದುಹಾಕಿತು. ಆದರೆ ತಂದೆ ಬಿಟ್ಟುಹೋದ ಆಸ್ತಿಯಿಂದ ಆತನ ಸಾಲ ಸಲ್ಲಬೇಕಾಗುತ್ತದೆ. ಮಗನು ತಾನೇ ಜಾಮೀನು ಹಾಕಿದ್ದರೆ ಅವನ ಹೊಣೆ ಬೇರೆಯೇ.

೫. ನಿವೃತ್ತಿಯ ದಾರಿ

ಹದಿನೈದನೆಯ ತಿಂಗಳಿನಿಂದ ೨೪,೦೦೦ ರೂಪಾಯಿ ಪೂರ್ತಿಯಾಗಿ ಮನೆಯದೇ. ನೌಕರಿಯೊಡನೆ ಬಂದ ಆರೋಗ್ಯ ವಿಮೆ ಅನೇಕರಿಗೆ ನಿವೃತ್ತಿಯೊಡನೆ ಮುಗಿಯುತ್ತದೆ. ಹೊಸ ಪಾಲಿಸಿಗಳಲ್ಲಿ, ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷಗಳ ಕಾಯುವ ಅವಧಿಯನ್ನು ವಿಧಿಸಬಹುದು. ಮಧುಮೇಹ, ರಕ್ತದೊತ್ತಡ ಇರುವವರು ಐವತ್ತಾರರಲ್ಲಿ ಪಾಲಿಸಿ ಮಾಡಿಸಿದರೆ ಅರವತ್ತಕ್ಕೆ ಮುನ್ನವೇ ಆ ಅವಧಿ ಕಳೆದಿರುತ್ತದೆ. ನಿವೃತ್ತಿಯ ದಿನ ಮಾಡಿಸಿದರೆ ಅರವತ್ತಮೂರರ ತನಕ ಕಾಯಬೇಕಾದೀತು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ೨೦೨೫ರ ಸೆಪ್ಟೆಂಬರ್ ೨೨ರಿಂದ ಜಿಎಸ್‌ಟಿ ವಿನಾಯಿತಿಯೂ ದೊರೆತಿದೆ.

ವಿಮೆಗೆಂದು ತಿಂಗಳಿಗೆ ೪,೦೦೦ ರೂಪಾಯಿ ತೆಗೆದಿಟ್ಟು, ಉಳಿದ ೨೦,೦೦೦ವನ್ನು ನಿವೃತ್ತಿಯ ತನಕದ ೪೬ ತಿಂಗಳು ಆವರ್ತ ಠೇವಣಿಗೆ ಕಟ್ಟಿದರೆ, ಶೇ. ೬ರ ಬಡ್ಡಿಯಲ್ಲಿಯೂ ಹತ್ತು ಲಕ್ಷ ರೂಪಾಯಿಗೂ ಮಿಕ್ಕಿ ಕೂಡುತ್ತದೆ. ಹೆಚ್ಚಿನ ಬಡ್ಡಿಯ ಆಸೆಗೆ ಎಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ ಇಡಬಾರದು. ಠೇವಣಿ ವಿಮೆಯ ರಕ್ಷಣೆ ೨೦೨೦ರ ಫೆಬ್ರವರಿಯಲ್ಲಿ ಏರಿಕೆಯಾದ ಮೇಲೆಯೂ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ೫ ಲಕ್ಷ ರೂಪಾಯಿಯ ಮಟ್ಟಿಗೆ ನಿಂತಿತು. ಹಳೆಯ ಕಟ್ಟಡಕ್ಕೆ ದುರಸ್ತಿಯ ಖರ್ಚು ಇದ್ದೇ ಇದೆಯೆಂಬುದನ್ನೂ ಮರೆಯಲಾಗದು. ಖಾತೆಗಳಿಗೆ ನಾಮನಿರ್ದೇಶನ ಮಾಡಿಸಿ, ಉಯಿಲನ್ನೂ ಬರೆದಿಡಬೇಕು. ನಾಮನಿರ್ದೇಶಿತರು ಹಣವನ್ನು ಪಡೆಯಬಲ್ಲವರೇ ಹೊರತು ಅಷ್ಟರಿಂದಲೇ ಅದರ ಒಡೆಯರಾಗುವುದಿಲ್ಲ. ಎಲ್ಲ ಪತ್ರಗಳು ಎಲ್ಲಿವೆಯೆಂಬುದು ಗೃಹಿಣಿಗೂ ಮಕ್ಕಳಿಗೂ ತಿಳಿದಿರಬೇಕು.

ಏಳನೆಯ ತಿಂಗಳಲ್ಲಿ ಆ ಮನೆಯ ಬಳೆಗಳು ಹಿಂದಿರುಗಿದವು. ಗೃಹಿಣಿ ಅವುಗಳನ್ನು ದೇವರ ಮುಂದಿಟ್ಟು, ಅನಂತರ ಕೈಗೆ ಹಾಕಿಕೊಂಡು, ನೋಟುಪುಸ್ತಕದ ಆ ಸಾಲಿನ ಮೇಲೆ ತಾವೇ ಗೆರೆ ಎಳೆದರು. “ಮುಂದಿನದು ಅಣ್ಣನದು” ಎಂದರು. ಬ್ಯಾಂಕಿನ ಪತ್ರವು ಮನೆಯನ್ನು ಋಣದಿಂದ ಬಿಡಿಸುತ್ತದೆ. ಮನೆಯವರು ಋಣಮುಕ್ತರಾಗುವುದು ನೋಟುಪುಸ್ತಕದ ಕೊನೆಯ ಸಾಲಿನ ಮೇಲೆ ಗೆರೆ ಬಿದ್ದ ದಿನ.