ಹಿಮಾಲಯಾರೋಹಣದ ಹೊರೆಲೆಕ್ಕ

ಹಿಮಾಲಯಾರೋಹಣವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶಿಖರದ ಮೇಲೆ ಧ್ವಜ ಹಿಡಿದ ವೀರನ ಚಿತ್ರ. ಆದರೆ ದುರ್ಗಮವಾದ ಶಿಖರವೊಂದಕ್ಕೆ ಹೊರಡುವವರು ಎಲ್ಲಕ್ಕಿಂತ ಮೊದಲು ಮಾಡಬೇಕಾದುದು ಹೊರೆಯ ಲೆಕ್ಕ. ಇದನ್ನು ನಾನು ಕಲಿತದ್ದು ಅರ್ಧ ಪುಸ್ತಕದಿಂದ, ಅರ್ಧ ನಮ್ಮ ತಂದೆಯವರಿಂದ.

ತಂದೆಯವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲರು. (ಕಾಲೇಜು ಸೇರುವಾಗ ಅರ್ಜಿಯಲ್ಲಿ ನಾಚಿಕೆಯಿಂದ 'ವ್ಯಾಪಾರ' ಎಂದು ಬರೆದಿದ್ದೆ, ಇಲ್ಲಿ ಅದನ್ನು ತಿದ್ದಿಕೊಳ್ಳುತ್ತೇನೆ.) ಒಂದು ಸಂಜೆ ಹಾವೇರಿಯಿಂದ ಮನೆಗೆ ಬಂದು, 1965ರ ಭಾರತೀಯ ಎವರೆಸ್ಟ್ ಯಾತ್ರೆಯ ವೃತ್ತಾಂತವನ್ನು ಅವರಿಗೆ ಹೇಳುತ್ತಿದ್ದೆ. ಎಂ. ಎಸ್. ಕೊಹ್ಲಿಯವರ ನಾಯಕತ್ವದಲ್ಲಿ ಒಂಬತ್ತು ಮಂದಿ ಶಿಖರ ಮುಟ್ಟಿದರು; ಆ ಯಾತ್ರೆಯ 25 ಟನ್ ಸಾಮಾನನ್ನು ಹೊತ್ತವರು ಸುಮಾರು 800 ಜನ. ತಂದೆಯವರು ಶಿಖರದ ಮಾತನ್ನೇ ಬಿಟ್ಟು, "ಅಲ್ಲೋ ತಮ್ಮಾ, ಆ ಎಂಟನೂರು ಮಂದಿ ದಾರ್ಯಾಗ ಏನ್ ಉಂಡ್ರು? ಅವರ ಬುತ್ತಿ ಯಾರ್ ಹೊತ್ರು?" ಎಂದು ಕೇಳಿದರು.

ಸಮಸ್ಯೆಯ ತಿರುಳು ಇದೇ. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ನಡೆದು ಹೋಗುವವನಿಗೆ ದಾರಿಯುದ್ದಕ್ಕೂ ಊರುಗಳಿವೆ. ಎವರೆಸ್ಟಿನ ದಾರಿಯಲ್ಲಿಯೂ ಬಹುದೂರ ಹಳ್ಳಿಗಳು ಸಿಗುತ್ತವೆ. ಊರೇ ಇಲ್ಲದ ಕಣಿವೆಯಲ್ಲಿ ಏನು ಗತಿ? ಒಬ್ಬನು 30 ಕಿಲೋ ಹೊತ್ತು ದಿನಕ್ಕೆ 1 ಕಿಲೋ ಉಣ್ಣುವನೆಂದು ಇಟ್ಟುಕೊಳ್ಳಿರಿ. 5 ದಿನದ ದಾರಿಯಾದರೆ ಹೋಗಿಬರಲು ಅವನಿಗೇ 10 ಕಿಲೋ ಬೇಕು. ಶಿಬಿರಕ್ಕೆ ಉಳಿಯುವುದು 20. ದಾರಿ 10 ದಿನದ್ದಾದರೆ ಉಳಿಯುವುದು 10. 15 ದಿನದ್ದಾದರೆ ಶಿಬಿರಕ್ಕೆ ಕಾಳೊಂದೂ ಉಳಿಯದು! ಜನರನ್ನು ಹೆಚ್ಚಿಸಿದರೆ ಬಾಯಿಗಳೂ ಹೆಚ್ಚುತ್ತವೆ.

ಈ ಲೆಕ್ಕವನ್ನು ನೆಲದ ಮೇಲೆ ಬರೆದು ತೋರಿಸಿದೆ. ಶಾಲೆಯ ಮುಖ ಕಾಣದ ತಂದೆಯವರು ಸ್ವಲ್ಪ ಹೊತ್ತು ನೋಡಿ, "ಹಂಗಾದ್ರ ಮಂದಿನೂ ಕಡಿಮಿ ಮಾಡಬೇಕು, ಸಾಮಾನೂ ಕಡಿಮಿ ಮಾಡಬೇಕು. ತಿರುಗಿ ಬರೂ ಬುತ್ತಿ ದಾರ್ಯಾಗ ಇಟ್ಟು ಹೋಗಬೇಕು" ಎಂದರು.

1934ರಲ್ಲಿ ಎರಿಕ್ ಶಿಪ್ಟನ್ ಮತ್ತು ಟಿಲ್ಮನ್ ನಂದಾದೇವಿಯ ಬುಡಕ್ಕೆ ದಾರಿ ಹುಡುಕುವಾಗ ಹಿಡಿದ ಉಪಾಯವೂ ಮಂದಿ, ಸಾಮಾನು ಎರಡನ್ನೂ ಕಡಿಮೆ ಮಾಡುವುದೇ ಆಗಿತ್ತು. 7,816 ಮೀಟರ್ ಎತ್ತರದ ಆ ಶಿಖರದ ಸುತ್ತ ಪರ್ವತಗಳ ಕೋಟೆಯಿದೆ. ಋಷಿಗಂಗೆ ಕೊರೆದ ಕಂದರವೊಂದೇ ಅದರ ಬಾಗಿಲು. ಹಿಂದೆ ಹಲವರು ಅಲ್ಲಿ ಸೋತು ಮರಳಿದ್ದರು. ಇವರಿಬ್ಬರು ಆಂಗ್ ಥರ್ಕೆ, ಪಸಾಂಗ್, ಕುಸಾಂಗ್ ಎಂಬ ಮೂವರು ಶೆರ್ಪಾಗಳೊಡನೆ, ಅವರು ತಿನ್ನುವ ಹುರಿಹಿಟ್ಟನ್ನೇ ತಿಂದು ಒಳಹೊಕ್ಕರು.

ಅದೇ ದಾರಿಯಿಂದ 1936ರ ಆಗಸ್ಟ್ 29ರಂದು ಟಿಲ್ಮನ್ ಮತ್ತು ಓಡೆಲ್ ಶಿಖರವನ್ನೇರಿದರು. ಆ ಯಾತ್ರೆಯಲ್ಲಿ ಶೆರ್ಪಾಗಳಲ್ಲಿ ಹೆಚ್ಚಿನವರು ಕಾಯಿಲೆ ಬಿದ್ದುದರಿಂದ ಆರೋಹಿಗಳೇ ಹೊರೆ ಹೊತ್ತರು. ಅದನ್ನು ಕೇಳಿ ತಂದೆಯವರು ನಕ್ಕರು. ಕಿತಾರ್ ಎಂಬ ಶೆರ್ಪಾ ತಳಶಿಬಿರದಲ್ಲಿಯೇ ತೀರಿಕೊಂಡನೆಂದು ಹೇಳಿದಾಗ ನಗು ನಿಂತಿತು.

"ಹೆಸರು ಏನಂದಿ?"

"ಕಿತಾರ್, ಅಪ್ಪಾ."

ತಂದೆಯವರು ಆ ಹೆಸರನ್ನು ಮತ್ತೊಮ್ಮೆ ನನ್ನಿಂದ ಹೇಳಿಸಿಕೊಂಡರು.