ಹಿತ್ತಲ ಕೋಸಿಗೆ ತೋಟದ ಪಂಪು ಬೇಡ

ಕಾಫಿ ಕೊಯ್ಲು, ಅಡಿಕೆ ಸುಲಿತ ಎರಡೂ ಒಟ್ಟಿಗೆ ಬೀಳುವ ಡಿಸೆಂಬರ್ ತಿಂಗಳಲ್ಲಿ ಸಂತೆಗೆ ಹೋಗಲು ಮನೆಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಊಟದ ಎಲೆಗಳು ಹೆಚ್ಚುವುದೂ ಆ ತಿಂಗಳಲ್ಲೇ. ಆಗ ಹಿತ್ತಲಲ್ಲಿ ಇಪ್ಪತ್ತು ಎಲೆಕೋಸು ಗಡ್ಡೆ ಕಟ್ಟಿ ನಿಂತಿದ್ದರೆ ಎಷ್ಟು ನಿಶ್ಚಿಂತೆ ಎಂಬುದನ್ನು ನಮ್ಮ ಸದಸ್ಯರ ಮನೆಯ ಹೆಂಗಸರು ನಮಗಿಂತ ಚೆನ್ನಾಗಿ ಬಲ್ಲರು.

ನಮ್ಮ ಕಡೆ ಕೋಸು ಬರುವುದಿಲ್ಲ, ಬರೀ ಎಲೆ ಬಿಟ್ಟು ನಿಲ್ಲುತ್ತದೆ ಎಂಬ ಮಾತನ್ನು ಸಂಘದ ಜಗಲಿಯಲ್ಲಿ ಆಗಾಗ ಕೇಳುತ್ತೇವೆ. ಅಡಿಕೆ ಮರದ ಬುಡದಲ್ಲೋ ಕಾಫಿಯ ನೆರಳಲ್ಲೋ ನೆಟ್ಟರೆ ಹಾಗೆಯೇ ಆಗುತ್ತದೆ. ಈ ಗಿಡಕ್ಕೆ ದಿನಕ್ಕೆ ಆರು ತಾಸಾದರೂ ಬಿಸಿಲು ಬೇಕು. ಅಡಿಕೆ ಒಣಗಿಸುವ ಅಂಗಳದ ಅಂಚು ಇದಕ್ಕೆ ಸರಿಯಾದ ಜಾಗ. ಇನ್ನೊಂದು ಕಾರಣ ಮಣ್ಣಿನ ಹುಳಿ. ವರ್ಷವೆಲ್ಲ ಸುರಿದ ಮಳೆಗೆ ಸುಣ್ಣದ ಅಂಶ ತೊಳೆದುಹೋಗಿರುತ್ತದೆ. ಕಾಫಿ ತೋಟಕ್ಕೆ ಸುಣ್ಣ ಕೊಡುವ ನಾವು ಹಿತ್ತಲನ್ನು ಮಾತ್ರ ಮರೆಯುತ್ತೇವೆ! ಹತ್ತಡಿ ಉದ್ದ, ನಾಲ್ಕಡಿ ಅಗಲದ ಮಡಿಗೆ ಒಂದು ಕಿಲೊ ಕೃಷಿ ಸುಣ್ಣವನ್ನು ನಾಟಿಗೆ ತಿಂಗಳು ಮೊದಲೇ ಬೆರೆಸಬೇಕು. ಕೊಟ್ಟಿಗೆ ಗೊಬ್ಬರವನ್ನು ಅದರೊಂದಿಗೇ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಹದಿನೈದು ದಿನ ಬಿಟ್ಟು ಹಾಕಿರಿ.

ಗಣೇಶನ ಹಬ್ಬದ ಹೊತ್ತಿಗೆ ಒಟ್ಲು, ನವರಾತ್ರಿಗೆ ನಾಟಿ. ಇದು ನಾವು ಇಟ್ಟುಕೊಂಡ ಲೆಕ್ಕ. ಸಸಿಗೆ ನಾಲ್ಕೈದು ವಾರ ತುಂಬಿರುತ್ತದೆ, ಮಳೆಯ ಅಬ್ಬರವೂ ಇಳಿದಿರುತ್ತದೆ. ಒಟ್ಲಿನ ಮೇಲೆ ಮಳೆಹನಿ ನೇರವಾಗಿ ಬೀಳದಂತೆ ಚಪ್ಪರ ಬೇಕು. ಸಸಿಯಿಂದ ಸಸಿಗೆ ಒಂದೂವರೆ ಅಡಿ. ಗೋಲ್ಡನ್ ಏಕರ್ ತಳಿಯಾದರೆ ನಾಟಿಯಾದ ೬೦-೬೫ ದಿನಕ್ಕೆ ಕೊಯ್ಲಿಗೆ ಬರುತ್ತದೆ, ಗಡ್ಡೆ ಕಿಲೊ, ಒಂದೂಕಾಲು ಕಿಲೊ ತೂಗುತ್ತದೆ. ಸಣ್ಣ ಸಂಸಾರಕ್ಕೆ ಇದೇ ಅನುಕೂಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೋಸಿನ ದೊಡ್ಡ ಶತ್ರು ವಜ್ರಬೆನ್ನಿನ ಪತಂಗದ ಹಸಿರು ಮರಿಹುಳು. ಮುಟ್ಟಿದರೆ ವಿಲಿವಿಲಿ ಒದ್ದಾಡಿ ನೂಲು ಬಿಟ್ಟು ಕೆಳಗಿಳಿಯುತ್ತದೆ. ಎಲೆಯ ಹಸಿರನ್ನು ಕೆರೆದು ತಿಂದು ಬರೀ ಪೊರೆ ಉಳಿಸುತ್ತದೆ. ಇದನ್ನು ಕಂಡ ಕೂಡಲೇ ನಮ್ಮ ಕೈ ಹೋಗುವುದು ಗೋದಾಮಿನ ಮೂಲೆಗೆ, ಕಾಫಿಯ ಕಾಂಡಕೊರಕಕ್ಕೆಂದು ತಂದು ಉಳಿದ ಸೀಸೆಗೆ. ಆ ಔಷಧ ಗಿಡದ ತೊಗಟೆಗೆ ಹಾಕಲು ಇರುವುದು, ಪಾತ್ರೆಗೆ ಬೀಳುವ ಎಲೆಗಲ್ಲ. ಕೋಸು ಎಲೆಯ ಮೇಲೆ ಎಲೆ ಮುಚ್ಚಿಕೊಂಡು ಬೆಳೆಯುತ್ತದೆ. ಬಿದ್ದ ವಿಷ ಮಡಿಕೆಯೊಳಗೆ ಸೇರಿಕೊಂಡರೆ ಮೇಲಿಂದ ತೊಳೆದು ಪ್ರಯೋಜನವಿಲ್ಲ. ಬಿಡಿಸಿದ ಹೊರ ಎಲೆ ಹಟ್ಟಿಯ ಹಸುವಿಗೆ ಹೋಗುತ್ತದೆ, ಅದರ ಹಾಲು ಯಾರಿಗೆಂದು ಹೇಳಬೇಕಾಗಿಲ್ಲ.

ಇದನ್ನು ಬರೆಯುವ ನಾವೇನೂ ತಪ್ಪು ಮಾಡದವರಲ್ಲ. ಕೆಲವು ವರ್ಷಗಳ ಹಿಂದೆ ಕೋಸಿಗೆ ಬೇವಿನ ಕಷಾಯ ಹೊಡೆಯಲು ತೋಟದ ಪಂಪನ್ನೇ ತೆಗೆದುಕೊಂಡೆವು. ಅದರಲ್ಲಿ ಹಿಂದೆ ಕಳೆಗೆ ೨,೪-ಡಿ ಹೊಡೆಯಲಾಗಿತ್ತು. ಎರಡು ಸಲ ನೀರು ಹಾಕಿ ಅಲುಗಾಡಿಸಿ ಚೆಲ್ಲಿದ್ದೆವು, ಸಾಕೆಂದುಕೊಂಡೆವು. ವಾರದೊಳಗೆ ಎಲೆಯ ತೊಟ್ಟುಗಳು ಹಗ್ಗ ಹೊಸೆದಂತೆ ತಿರುಚಿಕೊಂಡವು. ಇಡೀ ಮಡಿಯನ್ನು ಕಿತ್ತು ಹೂಳಬೇಕಾಯಿತು. ಮನೆಯಾಕೆ ಅಂದು ಒಂದೇ ಮಾತು ಕೇಳಿದರು: “ಕಳೆನಾಶಕ ಆದ್ದರಿಂದ ಗಿಡ ತೋರಿಸಿಕೊಟ್ಟಿತು. ಬೇರೆ ವಿಷವಾಗಿದ್ದರೆ ಸಾಂಬಾರು ಮಾಡಿ ಬಡಿಸುತ್ತಿದ್ದೆನಲ್ಲ?” ಅದಕ್ಕೆ ನಾವು ಉತ್ತರ ಕೊಡಲಿಲ್ಲ. ಮರುದಿನ ಪೇಟೆಯಿಂದ ಎರಡು ಲೀಟರಿನ ಕೈಪಂಪು ತಂದೆವು. ಅದು ಈಗಲೂ ಅಡಿಗೆಮನೆಯ ಹಿಂದಿನ ಮೊಳೆಗೇ ತೂಗುತ್ತದೆ, ಗೋದಾಮಿಗೆ ಹೋಗುವುದಿಲ್ಲ.

ಹುಳಕ್ಕೆ ಬೇರೆ ದಾರಿಯಿದೆ. ಕೋಸಿನ ಸಾಲುಗಳ ನಡುವೆ ಸಾಸಿವೆ ಬಿತ್ತಿದರೆ ಪತಂಗ ಅದರ ಮೇಲೆಯೇ ಮೊಟ್ಟೆಯಿಡುತ್ತದೆಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತೋರಿಸಿಕೊಟ್ಟಿದ್ದಾರೆ. ಅವರ ಕ್ರಮ ೨೫ ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ನಾಟಿಗೆ ೧೫ ದಿನ ಮೊದಲು, ಇನ್ನೊಂದನ್ನು ನಾಟಿಯಾದ ೨೫ ದಿನಕ್ಕೆ ಬಿತ್ತಬೇಕು. ಹಿತ್ತಲಿಗೆ ಮಡಿಯ ಎರಡು ಅಂಚಿನಲ್ಲಿ ಒಂದೊಂದು ಸಾಲು ಸಾಕು. ಹುಳು ತುಂಬಿದ ಸಾಸಿವೆಯನ್ನು ಕಿತ್ತು ಕೋಳಿಗಳ ಮುಂದೆ ಹಾಕಿರಿ. ಆಮೇಲೂ ಹುಳು ಕಂಡರೆ ಬೇವಿನ ಬೀಜದ ತಿರುಳು, ಲೀಟರಿಗೆ ೪೦ ಗ್ರಾಂ. ಕುಟ್ಟಿ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಕರಗಿಸಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೂ ತಾಗುವಂತೆ ಹೊಡೆಯಿರಿ. ಮಳೆ ಹೆಚ್ಚಿರುವ ನಮ್ಮಲ್ಲಿ ಬೇವಿನ ಮರ ಅಪರೂಪ, ಬಯಲುಸೀಮೆಯ ನೆಂಟರಿದ್ದರೆ ಬೀಜ ತರಿಸಿಕೊಳ್ಳಬಹುದು. ಮಂಗಗಳಿಗೆ ಮಾತ್ರ ನಾಯಿ ಮತ್ತು ಜಗಲಿಯಲ್ಲಿ ಕೂತ ಹಿರಿಯರ ಕಣ್ಣು, ಇವೆರಡೇ ಉಪಾಯ.

ಗಡ್ಡೆ ಗಟ್ಟಿಯಾದ ಮೇಲೆ ಒಮ್ಮೆಲೇ ಹೆಚ್ಚು ನೀರು ಕೊಟ್ಟರೆ ಒಡೆಯುತ್ತದೆ. ಕೂಡಲೇ ಕೊಯ್ಯುವ ಅಗತ್ಯವಿಲ್ಲದಿದ್ದರೆ ಗಿಡವನ್ನು ಹಿಡಿದು ಸ್ವಲ್ಪ ತಿರುಚಿ ಕೆಲವು ಬೇರು ಕಡಿಯುವಂತೆ ಮಾಡಿರಿ, ಒಂದು ವಾರ ತಡೆಯುತ್ತದೆ. ಕೊಯ್ಯುವಾಗ ಬುಡ ಕೀಳದೆ ಒಂದಷ್ಟು ಎಲೆ ಉಳಿಸಿ ಕತ್ತರಿಸಿದರೆ ಅದೇ ಕಾಂಡದಲ್ಲಿ ಮುಷ್ಟಿ ಗಾತ್ರದ ಮೂರು ನಾಲ್ಕು ಗಡ್ಡೆಗಳು ಮತ್ತೆ ಚಿಗುರುತ್ತವೆ. ನೋಡಲು ಅಷ್ಟಕ್ಕಷ್ಟೇ, ಪಲ್ಯಕ್ಕೆ ಏನೂ ಅಡ್ಡಿಯಿಲ್ಲ.