ಜೋತಿಬಾ ಗುಡ್ಡಕ್ಕೆ ಕಾಲ್ನಡಿಗೆಯಲ್ಲಿ

ಐಗಳಿ, ತೆಲಸಂಗಗಳ ಸುತ್ತ ಕಣ್ಣು ಹರಿಯುವಷ್ಟು ದೂರವೂ ಬಯಲೇ ಹಬ್ಬಿರುವುದರಿಂದ, ಗಿರಿಯ ನೆತ್ತಿಯಲ್ಲಿ ನಿಂತು ನಾಡನ್ನು ಕೆಳಗೆ ನೋಡುವ ಸುಖವು ನಮಗೆ ಊರ ಮಗ್ಗುಲಲ್ಲಿ ದೊರೆಯುವಂಥದಲ್ಲ. ಅದನ್ನು ಬಯಸುವವರು ಪಡುವಣಕ್ಕೆ ಕೊಲ್ಹಾಪುರದವರೆಗೆ ಹೋಗಬೇಕು. ಅಲ್ಲಿಂದ ವಾಯವ್ಯಕ್ಕೆ ಸುಮಾರು 17 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,100 ಅಡಿ ಎತ್ತರದಲ್ಲಿರುವ ವಾಡಿ ರತ್ನಾಗಿರಿಯೇ ನಮ್ಮ ಕಡೆಯ ಎಷ್ಟೋ ಮನೆತನಗಳು ನಡೆದುಕೊಳ್ಳುವ ಜೋತಿಬಾನ ಗುಡ್ಡ. ಗಾಡಿಯಲ್ಲಿ ಗುಡಿಯ ಬಳಿಗೆ ಹೋಗಿ, ಗುಲಾಲು ಹಚ್ಚಿಕೊಂಡು, ಅರ್ಧ ತಾಸಿನಲ್ಲಿ ಮರಳುವವರು ದೇವರನ್ನು ಕಂಡಾರು, ಗುಡ್ಡವನ್ನು ಕಂಡವರಲ್ಲ.

ಮೊದಲು ದಿನವನ್ನು ಆರಿಸಿಕೊಳ್ಳಬೇಕು. ಚೈತ್ರ ಹುಣ್ಣಿಮೆಯ ಜಾತ್ರೆಯಲ್ಲಿ ಸಾಸನಕಾಠಿಗಳೆಂಬ ಮುಗಿಲೆತ್ತರದ ಕೋಲುಗಳೂ 'ಚಾಂಗಭಲ' ಎಂಬ ಘೋಷವೂ ಗುಡ್ಡವನ್ನೆಲ್ಲ ತುಂಬಿರುತ್ತವೆ. ಆದಿತ್ಯವಾರವಂತೂ ದೇವರ ವಾರ. ಆದುದರಿಂದ ಏಕಾಂತವನ್ನು ಅರಸುವವರು ಹುಣ್ಣಿಮೆಯನ್ನೂ ಆದಿತ್ಯವಾರವನ್ನೂ ಬಿಟ್ಟು, ಮಳೆಗಾಲ ಮುಗಿದು ಹುಲ್ಲು ಇನ್ನೂ ಹಸುರಾಗಿರುವ ದಸರೆ-ದೀಪಾವಳಿಗಳ ನಡುವಣ ಒಂದು ಬುಧವಾರವನ್ನೋ ಗುರುವಾರವನ್ನೋ ಹಿಡಿಯುವುದು ಯುಕ್ತ.

ಹಿಂದಿನ ದಿನ ಅಥಣಿ, ಕಾಗವಾಡಗಳ ಮೇಲೆ ಬಸ್ಸಿನಲ್ಲಿ ಮೀರಜಕ್ಕೆ ಬಂದು, ಅಲ್ಲಿಂದ ರೈಲಿನಲ್ಲಿ ಕೊಲ್ಹಾಪುರ ಸೇರಿ, ರಾತ್ರಿ ಅಲ್ಲಿಯೇ ತಂಗಬೇಕು. ಗಂಟಿನಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ, ತಲೆಗೆ ಎರಡು ಲೀಟರಿನಂತೆ ನೀರು. ಅಥಣಿಯ ಚಪ್ಪಲಿಯ ಮೇಲೆ ನನಗಿರುವ ಅಭಿಮಾನ ಸಣ್ಣದಲ್ಲ. ಆದರೂ ಇಬ್ಬನಿ ಬಿದ್ದ ಕಲ್ಲುಮೆಟ್ಟಿಲ ಮೇಲೆ ನುಣುಪಾದ ತೊಗಲು ಜಾರುವುದರಿಂದ, ಅಡಿಯಲ್ಲಿ ಗೀರುಗಳಿರುವ ಬೂಟನ್ನೇ ಮೆಟ್ಟತಕ್ಕದ್ದು.

ಮುಂಜಾನೆ ಗುಡ್ಡದ ಬುಡದಲ್ಲಿಳಿದು, ಗಾಯಮುಖದ 'ಪಾಯರಿ ವಾಟ', ಎಂದರೆ ಮೆಟ್ಟಿಲ ದಾರಿ, ಎಲ್ಲಿಯೆಂದು ಕೇಳಿದರೆ ಊರವರು ತೋರಿಸುತ್ತಾರೆ. ಏರು ಕಡಿದಾಗಿದೆ. ಮಾತನಾಡುತ್ತ ಹತ್ತುವಾಗ ಉಸಿರು ಕಟ್ಟಿತೆಂದರೆ ನಡಿಗೆ ಅತಿವೇಗದ್ದೆಂದು ತಿಳಿದು, ಒಂದು ತಿರುವಿನಲ್ಲಿ ಕುಳಿತು, ನೀರನ್ನು ಗುಟುಕು ಗುಟುಕಾಗಿ ಕುಡಿದು, ಮತ್ತೆ ಏಳಬೇಕು. ಮೇಲೆ ಗುಡ್ಡದ ಕರಿಗಲ್ಲಿನಿಂದಲೇ ಕಟ್ಟಿದ ದೇವಾಲಯವಿದೆ. ಈಗಿರುವ ಮಂದಿರವನ್ನು 1730ರಲ್ಲಿ ರಾಣೋಜಿ ಶಿಂದೆಯವರು ಕಟ್ಟಿಸಿದರು.

ದರ್ಶನವಾದ ಮೇಲೆ ಅಂಗಡಿಸಾಲನ್ನು ದಾಟಿ ಗುಡ್ಡದ ಅಂಚಿಗೆ ಬರಬೇಕು. ಅಂಚಿನ ಮಣ್ಣು ಸಡಿಲವಾಗಿರುವುದರಿಂದ ನಾಲ್ಕು ಮಾರು ಹಿಂದೆಯೇ ಕುಳ್ಳಿರುವುದು ಲೇಸು. ಪಶ್ಚಿಮಕ್ಕೆ, ಶಿಲಾಹಾರರ ಇಮ್ಮಡಿ ಭೋಜನು ಕಟ್ಟಿಸಿದ, 1660ರಲ್ಲಿ ಮುತ್ತಿಗೆಯ ನಡುವೆ ಶಿವಾಜಿ ಮಹಾರಾಜರು ಇರುಳಿನಲ್ಲಿ ಪಾರಾದ ಪನ್ಹಾಳಗಡ, ಆಗ್ನೇಯಕ್ಕೆ ಕೊಲ್ಹಾಪುರ, ದಕ್ಷಿಣಕ್ಕೆ, ಕಬ್ಬಿನ ಹಸುರಿನ ನಡುವೆ, ಕಾಸಾರಿ, ಕುಂಭಿ, ತುಳಶಿ, ಭೋಗಾವತಿಗಳು ಗುಪ್ತಗಾಮಿನಿಯಾದ ಸರಸ್ವತಿಯೊಡನೆ ಕೂಡಿ ಪಂಚಗಂಗೆಯಾಗುವ ಪ್ರಯಾಗ ಚಿಖಲಿಯ ಬಯಲು. ಈ ನೀರೇ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರಿ, ಯಡೂರ, ಉಗಾರಗಳನ್ನು ಹಾಯ್ದು, ಹಿಪ್ಪರಗಿಯ ಒಡ್ಡಿನವರೆಗೂ ನಮ್ಮ ಸೀಮೆಗೆ ಇಳಿದು ಬರುತ್ತದೆ. ಬೇಸಿಗೆಯಲ್ಲಿ ಹೊಳೆಗೆ ನೀರು ಬಂತೇ ಎಂದು ವಿಚಾರಿಸಿಕೊಳ್ಳುವ ಊರುಗಳಿಂದ ಬಂದವರು ಇಲ್ಲಿ ರೊಟ್ಟಿ ಬಿಚ್ಚಿ, ಮಾತು ಬಿಟ್ಟು, ಒಂದು ತಾಸಾದರೂ ಕುಳ್ಳಿರಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಬಿಸಿಲು ಏರಿದಂತೆ ಮಂಜು ಕರಗಿ ಹೊಳೆಯ ತಿರುವುಗಳು ಒಂದೊಂದಾಗಿ ಹೊರಬೀಳುತ್ತವೆ. ಉತ್ತರದ ಮಗ್ಗುಲಿಗೆ ಹೋದರೆ ವಾರಣೆಯ ಕಣಿವೆ.

ಇಳಿಯುವಾಗ ಮೊಣಕಾಲಿಗೆ ಆಯಾಸ ಹೆಚ್ಚು; ಕೈಯಲ್ಲೊಂದು ಬಡಿಗೆಯಿರಲಿ, ಕಾಗದ-ಚೀಲಗಳು ಗಂಟಿನಲ್ಲಿಯೇ ಮರಳಲಿ, ಹೊತ್ತು ಮುಳುಗುವ ಮೊದಲೇ ಬುಡ ಸೇರಲಿ. ಮೀರಜಕ್ಕೆ ಮರಳುವ ರೈಲಿನಲ್ಲಿ ಕಿಡಕಿಯ ಬದಿಗೆ ಕುಳಿತುಕೊಳ್ಳಿರಿ: ಜಯಸಿಂಗಪುರ ದಾಟಿದ ಮೇಲೆ ಕೃಷ್ಣೆಯ ಸೇತುವೆ ಬರುತ್ತದೆ. ಉತ್ತರದ ಮಗ್ಗುಲಲ್ಲಿ ಕಂಡ ವಾರಣೆ ಅಲ್ಲಿ ಆಗಲೇ ಕೂಡಿಕೊಂಡಿರುತ್ತದೆ. ಪಂಚಗಂಗೆ ಇನ್ನೂ ಕೆಳಗೆ ಬಂದು ಸೇರಬೇಕಾಗಿರುತ್ತದೆ.